ಮೂರು ಪತ್ರಗಳ ತೂಕ: ಅಮೆರಿಕದ ಕ್ಲರ್ಕ್‌ಶಿಪ್‌ಗೆ ಶಿಫಾರಸು ಬರೆಸಿಕೊಳ್ಳುವ ಬಗೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಎಂಜಿನಿಯರಿಂಗ್ ಓದಲಿ, ಮೆಡಿಕಲ್ ಓದಲಿ, ಅಪ್ಪ-ಅಮ್ಮನಿಗೆ ದಾರಿ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಕೇಳುವುದಕ್ಕೆ ನೆಂಟರಲ್ಲೋ ಕನ್ನಡ ಕೂಟದಲ್ಲೋ ಒಬ್ಬರು ಸಿಗುತ್ತಾರೆ. ಲಾ ಸ್ಕೂಲಿಗೆ ಸೇರಿದ ಮಗಳು ಎರಡನೇ ವರ್ಷದ ಚಳಿಗಾಲದಲ್ಲಿ ಫೋನ್ ಮಾಡಿ, "ಅಪ್ಪಾ, ಕ್ಲರ್ಕ್‌ಶಿಪ್‌ಗೆ ಅರ್ಜಿ ಹಾಕಬೇಕು, ಮೂರು ಶಿಫಾರಸು ಪತ್ರ ಬೇಕಂತೆ, ನನ್ನನ್ನು ಸರಿಯಾಗಿ ಬಲ್ಲ ಪ್ರೊಫೆಸರ್ ಒಬ್ಬರೂ ಇಲ್ಲ" ಎಂದರೆ ಮಾತ್ರ ಆ ಕಡೆಯಿಂದ ಉತ್ತರ ಹೊರಡುವುದಿಲ್ಲ. ಅಂಕ ಚೆನ್ನಾಗಿದ್ದೂ ಈ ಒಂದು ಕಾರಣಕ್ಕೆ ಹಿಂದೆ ಬೀಳುವ ವಿದ್ಯಾರ್ಥಿಗಳಿದ್ದಾರೆ. ಮನೆಯಲ್ಲಿ ವಕೀಲರೇ ಇಲ್ಲದ, ಈ ಲೋಕದ ಒಳಗಿನ ರೂಢಿಗಳನ್ನು ಯಾರೂ ಹೇಳಿಕೊಡದ ಮಕ್ಕಳಿಗೆ ಇದು ಹೆಚ್ಚು ತಟ್ಟುತ್ತದೆ. ಅಂಥವರಿಗಾಗಿ ಈ ಬರಹ.

ಮೊದಲು ಕೆಲಸ ಯಾವುದು ಎಂದು ನೋಡೋಣ. ಕಾನೂನು ಪದವಿ ಮುಗಿಸಿದವರು, ಕೆಲವೊಮ್ಮೆ ಒಂದೆರಡು ವರ್ಷ ವಕೀಲಿಕೆ ಮಾಡಿದವರು, ಒಬ್ಬ ನ್ಯಾಯಾಧೀಶರ ಬಳಿ ವರ್ಷವೋ ಎರಡು ವರ್ಷವೋ ಲಾ ಕ್ಲರ್ಕ್ ಆಗಿ ದುಡಿಯುತ್ತಾರೆ. ಕೇಸಿನ ಕಟ್ಟು ಹೊತ್ತು ಓಡಾಡುವ ಕೆಲಸವಲ್ಲ ಅದು. ಎರಡೂ ಕಡೆಯ ವಕೀಲರು ಸಲ್ಲಿಸಿದ ಬ್ರೀಫ್‌ಗಳನ್ನು, ಎಂದರೆ ಲಿಖಿತ ವಾದಗಳನ್ನು, ಓದಿ, ಹಳೆಯ ತೀರ್ಪುಗಳನ್ನು ಜಾಲಾಡಿ, ವಾದ ಕೇಳುವ ಮೊದಲು ನ್ಯಾಯಾಧೀಶರಿಗೆ ಕೇಸಿನ ಹುರುಳು ತಿಳಿಸುವ ಟಿಪ್ಪಣಿ (ಬೆಂಚ್ ಮೆಮೊ) ಬರೆದುಕೊಡಬೇಕು. ವಾದ ಮುಗಿದ ಮೇಲೆ ತೀರ್ಪಿನ ಕರಡು ಸಿದ್ಧಪಡಿಸಬೇಕು. ಕರಡಿನಲ್ಲಿ ಬಂದ ಒಂದೊಂದು ಉಲ್ಲೇಖವನ್ನೂ ಮೂಲದೊಂದಿಗೆ ತಾಳೆ ನೋಡಬೇಕು. ಫೆಡರಲ್ (ರಾಜ್ಯದ್ದಲ್ಲದ, ಕೇಂದ್ರದ) ಜಿಲ್ಲಾ ನ್ಯಾಯಾಧೀಶರ ಚೇಂಬರಿನಲ್ಲಿ ಇಂಥವರು ಇಬ್ಬರೋ ಮೂವರೋ ಇರುತ್ತಾರೆ, ಮೇಲ್ಮನವಿ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ನಾಲ್ವರು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳಿಗೆ ತಲಾ ನಾಲ್ವರಂತೆ ವರ್ಷಕ್ಕೆ 36 ಜನರ ಆಸುಪಾಸು.

ಚೇಂಬರ್ ಎಂದರೆ ಎರಡು ಮೂರು ಕೋಣೆ, ಬೆರಳೆಣಿಕೆಯ ಜನ. ಇನ್ನೂ ಹೊರಬೀಳದ ತೀರ್ಪು ಅಲ್ಲಿನ ಮೇಜಿನ ಮೇಲಿರುತ್ತದೆ. ಒಬ್ಬರು ಬಾಯಿ ಸಡಿಲ ಬಿಟ್ಟರೆ, ಒಬ್ಬರು ತಪ್ಪನ್ನು ಮುಚ್ಚಿಟ್ಟರೆ ನ್ಯಾಯಾಧೀಶರ ಹೆಸರೇ ಹೋಗುತ್ತದೆ. ಕಂಪನಿಯಲ್ಲಾದರೆ ಸರಿಬೀಳದವರನ್ನು ಬೇರೆ ತಂಡಕ್ಕೆ ಹಾಕಬಹುದು. ಇಲ್ಲಿ ಬೇರೆ ತಂಡವೇ ಇಲ್ಲ. ಆದ್ದರಿಂದ ನ್ಯಾಯಾಧೀಶರು ಅಂಕಪಟ್ಟಿ ನೋಡಿದ ಮೇಲೂ ತಿಳಿಯಬಯಸುವುದು ಬೇರೆಯದನ್ನು. ಈ ಹುಡುಗಿ ಬರೆದದ್ದನ್ನು ತಿದ್ದಿದರೆ ಮುಖ ಸಣ್ಣ ಮಾಡುತ್ತಾಳೋ, ಎರಡನೇ ಕರಡು ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೋ? ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೋ? ನಾನು ಹೇಳಿದ್ದು ತಪ್ಪಿದ್ದರೆ ನನ್ನ ಮುಖಕ್ಕೇ ಹೇಳುವ ಧೈರ್ಯ ಇದೆಯೋ? ಇದಕ್ಕೆ ಉತ್ತರ ಅಂಕಪಟ್ಟಿಯಲ್ಲಿ ಸಿಗದು. ಆಕೆಯ ಜೊತೆ ಕೂತು ಕೆಲಸ ಮಾಡಿದವರು ಬರೆದ ಪತ್ರದಲ್ಲಿ ಸಿಗುತ್ತದೆ.

ನಂಬಿದವರ ಮಾತಿನ ಮೇಲೆ ಕ್ಲರ್ಕ್ ಇಟ್ಟುಕೊಳ್ಳುವ ಪದ್ಧತಿ ಈ ಹುದ್ದೆಯಷ್ಟೇ ಹಳೆಯದು. 1882ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ನ್ಯಾಯಮೂರ್ತಿ ಹೊರೇಸ್ ಗ್ರೇ ಅಲ್ಲಿ ಮೊದಲಿಗೆ ಲಾ ಕ್ಲರ್ಕ್ ಇಟ್ಟುಕೊಂಡವರು, ಅದೂ ಸ್ವಂತ ದುಡ್ಡಿನಲ್ಲಿ. ಹುಡುಗರನ್ನು ಆರಿಸಿ ಕಳಿಸುತ್ತಿದ್ದವರು ಅವರ ಮಲತಮ್ಮ, ಹಾರ್ವರ್ಡಿನ ಪ್ರೊಫೆಸರ್ ಜಾನ್ ಚಿಪ್‌ಮನ್ ಗ್ರೇ. ಅದಕ್ಕೂ ಮೊದಲು ಮ್ಯಾಸಚೂಸೆಟ್ಸಿನ ಕೋರ್ಟಿನಲ್ಲಿ ಹೊರೇಸ್ ಗ್ರೇ ಅವರ ಬಳಿ ಕೆಲಸ ಮಾಡಿದ್ದ ಲೂಯಿ ಬ್ರಾಂಡೈಸ್ ಮುಂದೆ 1916ರಲ್ಲಿ ತಾವೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಅವರಿಗೆ ಕ್ಲರ್ಕ್‌ಗಳನ್ನು ಆರಿಸಿಕೊಡುತ್ತಿದ್ದವರು ಹಾರ್ವರ್ಡಿನ ಇನ್ನೊಬ್ಬ ಪ್ರೊಫೆಸರ್ ಫೆಲಿಕ್ಸ್ ಫ್ರಾಂಕ್‌ಫರ್ಟರ್. ಅರ್ಜಿ, ಸಂದರ್ಶನ ಯಾವುದೂ ಇಲ್ಲ; ಪ್ರೊಫೆಸರ್ ಮಾತೇ ಕೊನೆ.

ಒಂದು ಪತ್ರಕ್ಕೆ, ಒಂದು ಫೋನ್ ಕರೆಗೆ ಎಷ್ಟು ಬಲವಿದೆ, ಎಷ್ಟು ಮಿತಿಯಿದೆ ಎನ್ನುವುದಕ್ಕೆ ಮುಂದೆ ತಾವೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. 1959ರಲ್ಲಿ ಕೊಲಂಬಿಯಾ ಲಾ ಸ್ಕೂಲಿನಿಂದ ಮೊದಲ ಸ್ಥಾನ ಹಂಚಿಕೊಂಡು ಹೊರಬಂದವರು ಆಕೆ. ಮನೆಯಲ್ಲಿ ಪುಟ್ಟ ಮಗಳು. ಹೆಂಗಸು, ಅದರಲ್ಲೂ ತಾಯಿ, ಎಂದು ನ್ಯಾಯಾಧೀಶರು ಹಿಂಜರಿದರು. ಆಗ ಕೊಲಂಬಿಯಾದ ಪ್ರೊಫೆಸರ್ ಜೆರಾಲ್ಡ್ ಗುಂಥರ್ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಧೀಶ ಎಡ್ಮಂಡ್ ಪಾಲ್ಮಿಯೇರಿ ಅವರ ಬೆನ್ನು ಹತ್ತಿದರು. ಈಕೆಯನ್ನು ತೆಗೆದುಕೊಳ್ಳಿ, ಸರಿಹೋಗದಿದ್ದರೆ ಆಕೆಯ ಜಾಗಕ್ಕೆ ಬರಲು ಒಬ್ಬ ಹುಡುಗನನ್ನು ಸಿದ್ಧವಾಗಿ ಇಟ್ಟಿರುತ್ತೇನೆ. ತೆಗೆದುಕೊಳ್ಳದಿದ್ದರೆ ಇನ್ನು ಮುಂದೆ ಕೊಲಂಬಿಯಾದ ಒಬ್ಬ ವಿದ್ಯಾರ್ಥಿಯನ್ನೂ ನಿಮಗೆ ಶಿಫಾರಸು ಮಾಡುವುದಿಲ್ಲ ಎಂದರು. ಪಾಲ್ಮಿಯೇರಿ ಒಪ್ಪಿದರು, ಗಿನ್ಸ್‌ಬರ್ಗ್ ಎರಡು ವರ್ಷ ಅಲ್ಲಿ ದುಡಿದರು. ಅದೇ ಹೊತ್ತಿನಲ್ಲಿ, 1960ರಲ್ಲಿ, ಹಾರ್ವರ್ಡಿನ ಪ್ರೊಫೆಸರ್ ಆಲ್ಬರ್ಟ್ ಸ್ಯಾಕ್ಸ್ ಆಕೆಯ ಹೆಸರನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ಕಳಿಸಿದ್ದು ಯಾರ ಬಳಿಗೆ? ಅಷ್ಟರಲ್ಲಿ ನ್ಯಾಯಮೂರ್ತಿಯಾಗಿ ಎರಡು ದಶಕ ಕಳೆದಿದ್ದ ಅದೇ ಫ್ರಾಂಕ್‌ಫರ್ಟರ್ ಬಳಿಗೆ. ಜೀವನವಿಡೀ ಇನ್ನೊಬ್ಬರಿಗೆ ಕ್ಲರ್ಕ್‌ಗಳನ್ನು ಶಿಫಾರಸು ಮಾಡಿದ್ದ ಅವರು ಈ ಶಿಫಾರಸನ್ನು, ಆಕೆ ಹೆಣ್ಣು ಎನ್ನುವ ಕಾರಣಕ್ಕೆ, ತಳ್ಳಿಹಾಕಿದರು.

ಗುಂಥರ್ ಮಾಡಿದ್ದನ್ನು ಇವತ್ತು ಯಾರೂ ಆ ಧಾಟಿಯಲ್ಲಿ ಮಾಡುವುದಿಲ್ಲ. ಆದರೆ ಒಬ್ಬ ಪ್ರೊಫೆಸರ್ ಪತ್ರ ಬರೆಯುವಾಗ ತನ್ನ ಮಾತಿನ ಬೆಲೆಯನ್ನು ಅದರಲ್ಲಿ ಪಣಕ್ಕಿಡುತ್ತಾರೆ ಎನ್ನುವುದು ಬದಲಾಗಿಲ್ಲ. ಇವರು ಹೋದ ಸಲ ಹೊಗಳಿ ಕಳಿಸಿದವರು ಹೇಗೆ ಕೆಲಸ ಮಾಡಿದರು ಎಂದು ನ್ಯಾಯಾಧೀಶರಿಗೆ ನೆನಪಿರುತ್ತದೆ. ಪತ್ರ ಬರೆಯಲು ಒಬ್ಬರು ಹಿಂದೆಮುಂದೆ ನೋಡಿದರೆ ಅದು ಜಂಬವಲ್ಲ, ಈ ಲೆಕ್ಕ.

ಯಾರ ಕೈಯಲ್ಲಿ ಬರೆಸಬೇಕು

ಹೆಚ್ಚಿನ ನ್ಯಾಯಾಧೀಶರು ಮೂರು ಪತ್ರ ಕೇಳುತ್ತಾರೆ. ಎರಡು ಸಾಕೆನ್ನುವವರೂ ಇದ್ದಾರೆ. ಮೂರರಲ್ಲಿ ಎರಡಾದರೂ ಲಾ ಸ್ಕೂಲಿನ ಬೋಧಕರಿಂದ ಬಂದಿರಬೇಕು ಎನ್ನುವುದು ರೂಢಿ.

ನಮ್ಮ ಕಡೆಯಿಂದ ಹೋದವರು ಎಡವುವುದು ಇಲ್ಲೇ. ಶಾಸಕರ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊಂಡರೆ ಕೆಲಸ ಸುಲಭವಾಗುತ್ತದೆ ಎಂದು ನೋಡುತ್ತಾ ಬೆಳೆದವರು ನಾವು. ಹಾಗಾಗಿ ಮನೆಯವರ ಮೊದಲ ಯೋಚನೆ ದೊಡ್ಡ ಹೆಸರಿನ ಕಡೆ ಓಡುತ್ತದೆ. ಊರಿನ ಕಡೆಯ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಜ್ಜನ ಸ್ನೇಹಿತರು, ಅವರು ಬರೆಯಲಿ. ಅಪ್ಪನ ಕಂಪನಿಯ ಉಪಾಧ್ಯಕ್ಷರು ಬರೆಯಲಿ. ಅಂಥ ಪತ್ರದಲ್ಲಿ ಏನಿರುತ್ತದೆ? ಈಕೆ ಒಳ್ಳೆಯ ಮನೆತನದವಳು, ಚಿಕ್ಕಂದಿನಿಂದ ಬಲ್ಲೆ, ಬುದ್ಧಿವಂತೆ. ಅಮೆರಿಕದ ನ್ಯಾಯಾಧೀಶರಿಗೆ ಇದರಿಂದ ತಿಳಿಯುವುದು ಒಂದೇ: ಈಕೆಯ ಕೆಲಸ ನೋಡಿದ ಮೂರನೇ ವ್ಯಕ್ತಿ ಈಕೆಗೆ ಸಿಗಲಿಲ್ಲ. ಲಾಭವಿರಲಿ, ನಷ್ಟವೇ ಹೆಚ್ಚು.

ಹಾಗಾದರೆ ಎ ಪ್ಲಸ್ ಕೊಟ್ಟ ಪ್ರೊಫೆಸರ್? ಅಲ್ಲೂ ಒಂದು ತೊಡಕಿದೆ. ಅಮೆರಿಕದ ಲಾ ಸ್ಕೂಲುಗಳಲ್ಲಿ ಮೊದಲ ವರ್ಷದ ತರಗತಿಗಳು ದೊಡ್ಡವು, ಕೊನೆಗೊಂದೇ ಪರೀಕ್ಷೆ, ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ. ಯಾರಿಗೆ ಅತಿ ಹೆಚ್ಚು ಅಂಕ ಕೊಟ್ಟೆ ಎಂದು ಕೊಡುವಾಗ ಪ್ರೊಫೆಸರಿಗೇ ಗೊತ್ತಿರುವುದಿಲ್ಲ. ಆಮೇಲೆ ಗೊತ್ತಾದರೂ ಅವರು ಬರೆಯಬಲ್ಲದ್ದು ಉತ್ತರಪತ್ರಿಕೆಯ ಬಗ್ಗೆ ಮಾತ್ರ. ಆದ್ದರಿಂದ ಅಂಕದ ಹಿಂದೆ ಒಂದು ಪರಿಚಯ ಬೆಳೆಯಬೇಕು. ಅದಕ್ಕೆ ಇರುವ ದಾರಿಗಳು ಎಲ್ಲರಿಗೂ ತೆರೆದವು: ಹದಿನೈದಿಪ್ಪತ್ತು ಜನರ ಸೆಮಿನಾರ್ ಆರಿಸಿಕೊಂಡು ಅಲ್ಲಿ ದೀರ್ಘ ಪ್ರಬಂಧ ಬರೆಯುವುದು, ಪ್ರೊಫೆಸರಿಗೆ ಸಂಶೋಧನಾ ಸಹಾಯಕರಾಗುವುದು, ಕ್ಲಿನಿಕ್‌ನಲ್ಲಿ ನಿಜವಾದ ಕಕ್ಷಿದಾರರ ಕೇಸು ನಡೆಸುವುದು, ಲಾ ಜರ್ನಲ್‌ಗೆ ಬರೆಯುವ ಲೇಖನಕ್ಕೆ ಒಬ್ಬರ ಮಾರ್ಗದರ್ಶನ ಪಡೆಯುವುದು. ಇವುಗಳಲ್ಲಿ ಸಂಶೋಧನಾ ಸಹಾಯಕರ ಕೆಲಸ ಕ್ಲರ್ಕ್ ಕೆಲಸಕ್ಕೆ ಅತಿ ಹತ್ತಿರ. ಹುಡುಕಿ, ಓದಿ, ಬರೆದುಕೊಟ್ಟು, ತಿದ್ದಿಸಿಕೊಂಡು, ಮತ್ತೆ ಬರೆದುಕೊಡುವುದೇ ಎರಡರಲ್ಲೂ ನಡೆಯುವುದು.

ಲೀಗಲ್ ರೈಟಿಂಗ್ ಕಲಿಸುವ ಬೋಧಕರನ್ನು ವಿದ್ಯಾರ್ಥಿಗಳು ಕಡೆಗಣಿಸುತ್ತಾರೆ. ಸಂವಿಧಾನ ಕಾನೂನು, ಕರಾರು ಕಾನೂನು ಕಲಿಸುವವರಷ್ಟು ಹೆಸರು ಅವರಿಗಿರುವುದಿಲ್ಲ ಎನ್ನುವುದು ಅದಕ್ಕೆ ಕಾರಣ. ನನ್ನ ಅಭಿಪ್ರಾಯ ಬೇರೆ. ಮೂರು ಪತ್ರಗಳಲ್ಲಿ ಒಂದು ಅವರದಿದ್ದರೆ ಒಳ್ಳೆಯದು. ನಿಮ್ಮ ಮೊದಲ ಮೆಮೊ ಎಷ್ಟು ಕೆಟ್ಟದಾಗಿತ್ತು, ಏಪ್ರಿಲ್ ಹೊತ್ತಿಗೆ ಬರೆದ ಬ್ರೀಫ್ ಎಷ್ಟು ಬೆಳೆದಿತ್ತು ಎಂದು ಸಾಲು ಸಾಲಾಗಿ ಬಲ್ಲವರು ಅವರೊಬ್ಬರೇ. ಬೇಸಿಗೆಯಲ್ಲಿ ಇಂಟರ್ನ್ ಆಗಿ ದುಡಿದ ಕೋರ್ಟಿನ ನ್ಯಾಯಾಧೀಶರು, ಸರ್ಕಾರಿ ವಕೀಲರ ಕಚೇರಿಯ ಮೇಲಧಿಕಾರಿ, ಇಂಥವರ ಪತ್ರವೂ ತೂಕದ್ದೇ, ಅವರೇ ನಿಮ್ಮ ಬರಹ ಓದಿ ತಿದ್ದಿದ್ದರೆ.

ಅಪ್ಪಣೆ ಕೇಳುವ ಬಗೆ

"ನನಗೊಂದು ಶಿಫಾರಸು ಪತ್ರ ಬರೆದುಕೊಡುತ್ತೀರಾ" ಎಂದು ಕೇಳಿದರೆ ಮುಖ ನೋಡಿ ಇಲ್ಲ ಎನ್ನುವುದು ಕಷ್ಟ. ಒಲ್ಲದ ಮನಸ್ಸಿನಿಂದ ಹೂಂ ಎಂದವರು ಒಲ್ಲದ ಪತ್ರವನ್ನೇ ಬರೆಯುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ, ಅದರಲ್ಲಿ ಇಲ್ಲ ಎನ್ನಲು ಬಾಗಿಲು ತೆರೆದಿರಬೇಕು. ಇಮೇಲ್ ಇಂಗ್ಲಿಷಿನಲ್ಲಿ ಹೋಗುತ್ತದೆ, ಆದರೆ ಅದರ ಹುರುಳು ಹೀಗಿದ್ದರೆ ಚೆನ್ನ:

"ಪ್ರೊಫೆಸರ್, ಹೋದ ಸೆಮಿಸ್ಟರ್ ನಿಮ್ಮ ಸೆಮಿನಾರಿನಲ್ಲಿ ಜೈಲುಗಳಲ್ಲಿನ ವೈದ್ಯಕೀಯ ಸೌಲಭ್ಯದ ಬಗ್ಗೆ ಪ್ರಬಂಧ ಬರೆದಿದ್ದೆ. ಈ ಜೂನ್‌ನಲ್ಲಿ ಕ್ಲರ್ಕ್‌ಶಿಪ್‌ಗೆ ಅರ್ಜಿ ಹಾಕುವ ಯೋಚನೆಯಿದೆ. ನನ್ನ ಪರವಾಗಿ ಗಟ್ಟಿಯಾದ ಪತ್ರ ಬರೆಯುವಷ್ಟು ನನ್ನ ಕೆಲಸ ನಿಮಗೆ ಪರಿಚಯವಿದೆ ಎನಿಸುತ್ತದೆಯೇ? ಇಲ್ಲವೆನಿಸಿದರೆ, ಅಥವಾ ಸಮಯವಿಲ್ಲದಿದ್ದರೆ, ದಯವಿಟ್ಟು ಸಂಕೋಚವಿಲ್ಲದೆ ಹೇಳಿ. ಈ ವಾರ ನಿಮ್ಮ ಆಫೀಸ್ ಅವರ್ಸ್‌ನಲ್ಲಿ ಬಂದು ಮಾತಾಡಬಹುದೇ?"

"ಗಟ್ಟಿಯಾದ" ಎನ್ನುವ ಮಾತು ಬಿಡಬೇಡಿ. ಪ್ರೊಫೆಸರ್ ತಡವರಿಸಿದರೆ, "ನನ್ನ ಹತ್ತಿರ ತುಂಬಾ ಜನ ಕೇಳಿದ್ದಾರೆ" ಎಂದರೆ, ಧನ್ಯವಾದ ಹೇಳಿ ಅಲ್ಲಿಗೇ ಬಿಡಿ. ಅದು ಅವರು ನಿಮಗೆ ಮಾಡಿದ ಉಪಕಾರ.

ಹೂಂ ಎಂದವರಿಗೆ ನೀವು ಒಂದು ಕಡತ ಕೊಡಬೇಕು. ರೆಸ್ಯೂಮೆ, ಅಂಕಪಟ್ಟಿ, ಅವರಿಗಾಗಿ ಬರೆದ ಪ್ರಬಂಧದ ಪ್ರತಿ (ಅವರೇ ತಿದ್ದಿ ಷರಾ ಬರೆದದ್ದಿದ್ದರೆ ಅದನ್ನೇ), ಅರ್ಜಿಗೆ ಲಗತ್ತಿಸುವ ರೈಟಿಂಗ್ ಸ್ಯಾಂಪಲ್ (ನಿಮ್ಮ ಬರವಣಿಗೆಯ ಮಾದರಿ), ಯಾಕೆ ಕ್ಲರ್ಕ್ ಆಗಬೇಕೆಂದಿದ್ದೀರಿ ಎನ್ನುವ ಅರ್ಧ ಪುಟ. ಜೊತೆಗೆ ನ್ಯಾಯಾಧೀಶರ ಪಟ್ಟಿ: ಹೆಸರಿನ ಕಾಗುಣಿತ, ಕೋರ್ಟು, ವಿಳಾಸ, ಪತ್ರದಲ್ಲಿ ಸಂಬೋಧಿಸುವ ಬಗೆ, ಕೊನೆಯ ದಿನಾಂಕ, ಎಲ್ಲವನ್ನೂ ಒಂದೇ ಹಾಳೆಯಲ್ಲಿ. ಒಬ್ಬ ನ್ಯಾಯಾಧೀಶರಿಗೆ ಹೋಗಬೇಕಾದ ಪತ್ರದಲ್ಲಿ ಇನ್ನೊಬ್ಬರ ಹೆಸರಿದ್ದರೆ, ತಪ್ಪು ಯಾರದೇ ಇರಲಿ, ಅನುಭವಿಸುವವರು ನೀವು. ಪಟ್ಟಿಯನ್ನು ಮೂರು ಸಲ ಬದಲಿಸಿ ಮೂರು ಸಲ ಕಳಿಸಬೇಡಿ. ತಡವಾದರೂ ಒಂದೇ ಸಲ, ಪೂರ್ಣವಾಗಿ.

ಪ್ರೊಫೆಸರ್‌ಗಳ ಸಹಾಯಕ ಸಿಬ್ಬಂದಿಯ ಬಗ್ಗೆ ಒಂದು ಮಾತು. ಹಲವು ಕಡೆ ಪತ್ರವನ್ನು ಲೆಟರ್‌ಹೆಡ್ಡಿಗೆ ಹಾಕಿ, ವಿಳಾಸ ಸೇರಿಸಿ, ಅಪ್‌ಲೋಡ್ ಮಾಡುವವರು ಅವರೇ. ಮೇ ಕೊನೆಯಲ್ಲಿ ಅವರ ಮೇಜಿನ ಮೇಲೆ ಹತ್ತಾರು ವಿದ್ಯಾರ್ಥಿಗಳ ಕೆಲಸ ಬಿದ್ದಿರುತ್ತದೆ. ಅವರನ್ನು ಮೊದಲೇ ಕಂಡು ಪರಿಚಯ ಮಾಡಿಕೊಂಡು, ಏನು ಯಾವಾಗ ಬೇಕೆಂದು ತಿಳಿಸಿ, ಕೆಲಸ ಮುಗಿದ ಮೇಲೆ ಹೋಗಿ ಧನ್ಯವಾದ ಹೇಳಿ. ಎಷ್ಟೋ ಅರ್ಜಿಗಳು ಸಮಯಕ್ಕೆ ಪೂರ್ತಿಯಾಗುವುದು ಇವರ ಕೈಗುಣದಿಂದ.

ಇನ್ನು, ಕರಡು ನೀವೇ ಬರೆದು ಸಹಿ ಹಾಕಿಸಿಕೊಳ್ಳುವ ಪದ್ಧತಿ. ಭಾರತದ ಕಾಲೇಜುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದು ಓದುಗರಿಗೆ ಹೇಳಬೇಕಿಲ್ಲ. "ನೀನೇ ಬರೆದುಕೊಂಡು ಬಾರಮ್ಮ, ಸಹಿ ಹಾಕುತ್ತೇನೆ" ಎಂದ ಮೇಷ್ಟ್ರು ಒಳ್ಳೆಯವರೇ ಇರಬಹುದು, ಆದರೆ ಆ ಪತ್ರದಿಂದ ಪ್ರಯೋಜನವಿಲ್ಲ. ರಾಶಿ ಅರ್ಜಿ ಓದುವ ಕ್ಲರ್ಕ್‌ಗಳಿಗೆ ನಿಮ್ಮ ಕವರ್ ಲೆಟರಿನ ದನಿ ಶಿಫಾರಸಿನಲ್ಲೂ ಕೇಳಿಸಿದರೆ ಗುರುತು ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ನಿಮ್ಮ ಬಗ್ಗೆ ಬೇರೆಯವರು ಕಂಡದ್ದಲ್ಲ. ಅಮೆರಿಕದ ಪ್ರೊಫೆಸರ್ ಕೇಳಿದರೂ, ಕರಡಿನ ಬದಲು ಅವರ ಬಳಿ ನೀವು ಮಾಡಿದ ಕೆಲಸದ ವಿವರಗಳನ್ನು ಟಿಪ್ಪಣಿಯಾಗಿ ಕೊಡಿ. ಹೊಗಳಿಕೆಯ ಮಾತು ಅವರದೇ ಇರಲಿ.

ಒಳ್ಳೆಯ ಪತ್ರದ ಒಳಗೇನಿರುತ್ತದೆ

ಪತ್ರವನ್ನು ನೀವು ಓದುವುದಿಲ್ಲ, ಆದರೂ ಒಳ್ಳೆಯದು ಹೇಗಿರುತ್ತದೆ ಎಂದು ತಿಳಿದಿದ್ದರೆ ಯಾರನ್ನು ಕೇಳಬೇಕು, ಏನು ನೆನಪಿಸಬೇಕು ಎನ್ನುವುದು ಹೊಳೆಯುತ್ತದೆ. ಎರಡು ಮಾದರಿ ನಾನೇ ಬರೆದು ತೋರಿಸುತ್ತೇನೆ. ಮೊದಲನೆಯದು:

"ಈಕೆ ನನ್ನ ಸಿವಿಲ್ ಪ್ರೊಸೀಜರ್ ತರಗತಿಯಲ್ಲಿದ್ದಳು. ತಪ್ಪದೆ ಹಾಜರಾಗುತ್ತಿದ್ದಳು, ಚರ್ಚೆಯಲ್ಲಿ ಭಾಗವಹಿಸುತ್ತಿದ್ದಳು. ಎ ಗ್ರೇಡ್ ಪಡೆದಿದ್ದಾಳೆ. ಪರಿಶ್ರಮಿ, ವಿನಯವಂತೆ. ನಿಮ್ಮ ಚೇಂಬರಿಗೆ ಒಳ್ಳೆಯ ಕ್ಲರ್ಕ್ ಆಗಬಲ್ಲಳು."

ಬೈಗುಳ ಒಂದೂ ಇಲ್ಲ, ಆದರೂ ಅರ್ಜಿ ಇಲ್ಲಿಗೆ ಮುಗಿದಂತೆ. ಇದರಲ್ಲಿರುವುದೆಲ್ಲ ಅಂಕಪಟ್ಟಿಯಲ್ಲಿ ಆಗಲೇ ಇದೆ. ಎರಡನೆಯದು:

"ಅಕ್ಟೋಬರ್‌ನಲ್ಲಿ ನನ್ನ ಲೇಖನದ ಅಡಿಟಿಪ್ಪಣಿಗಳನ್ನು ತಾಳೆ ನೋಡಲು ಈಕೆಗೆ ಕೊಟ್ಟೆ. ಮೂರು ದಿನ ಬಿಟ್ಟು ಬಂದು, ನಾನು ಮುಖ್ಯವಾಗಿ ನೆಚ್ಚಿಕೊಂಡಿದ್ದ ತೀರ್ಪೊಂದು ಮೇಲ್ಮನವಿಯಲ್ಲಿ ಭಾಗಶಃ ರದ್ದಾಗಿದೆ ಎಂದು ತೋರಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಉಳಿದ ಭಾಗದ ಮೇಲೆ ನನ್ನ ವಾದವನ್ನು ಹೇಗೆ ನಿಲ್ಲಿಸಬಹುದು ಎಂದು ಎರಡು ಪುಟದ ಮೆಮೊ ಜೊತೆಗಿತ್ತು. ಅದರಲ್ಲಿ ಒಂದು ಹೆಜ್ಜೆ ನನಗೆ ಒಪ್ಪಿಗೆಯಾಗಲಿಲ್ಲ, ಹೇಳಿದೆ. ಮರುದಿನ ಅದನ್ನು ಕೈಬಿಟ್ಟು, ಇನ್ನೂ ಬಿಗಿಯಾದ ದಾರಿ ಹಿಡಿದು ಬಂದಳು. ಲೇಖನದ ಎರಡನೇ ಭಾಗ ಇಂದು ಇರುವ ರೂಪ ಆಕೆಯಿಂದ ಬಂದದ್ದು."

ಇಷ್ಟು ಓದಿದ ನ್ಯಾಯಾಧೀಶರಿಗೆ ಆಕೆ ತಮ್ಮ ಚೇಂಬರಿನಲ್ಲಿ ಕೂತು ಏನು ಮಾಡಬಲ್ಲಳು ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ತಪ್ಪು ಹಿಡಿದಳು, ಹಿರಿಯರ ಮುಂದೆ ಹೇಳಿದಳು, ಪರಿಹಾರ ತಂದಳು, ತಿದ್ದಿದಾಗ ತಿದ್ದಿಕೊಂಡಳು. ಪತ್ರದಲ್ಲಿ ಹೋಲಿಕೆಯೂ ಇದ್ದರೆ ಬಲ ಹೆಚ್ಚು: ಇಷ್ಟು ವರ್ಷ ಕಲಿಸಿದ್ದೇನೆ, ಆ ಪೈಕಿ ಈಕೆ ಮೊದಲ ನಾಲ್ಕೈದು ಜನರಲ್ಲಿ ಒಬ್ಬಳು, ಎಂಬಂಥ ಮಾತು.

ವಿಶೇಷಣಗಳ ವಿಷಯದಲ್ಲಿ ಹೆಣ್ಣುಮಕ್ಕಳು ಎಚ್ಚರದಿಂದಿರಲು ಕಾರಣವಿದೆ. ಅಮೆರಿಕದ ಮೆಡಿಕಲ್ ಕಾಲೇಜೊಂದರ ಬೋಧಕರ ನೇಮಕಾತಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಪರಿಶೀಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹೆಂಗಸರ ಬಗೆಗಿನ ಪತ್ರಗಳು ಸರಾಸರಿಯಲ್ಲಿ ಚಿಕ್ಕವಾಗಿದ್ದವು, ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲಿ ಹೆಚ್ಚಾಗಿದ್ದವು. ಅದು ವೈದ್ಯಕೀಯ ಕ್ಷೇತ್ರದ್ದು, ನಿಜ. ಆದರೆ "ಸೌಮ್ಯ, ಕಷ್ಟಪಟ್ಟು ದುಡಿಯುತ್ತಾಳೆ" ಎಂಬಲ್ಲಿಗೆ ನಿಂತುಬಿಡುವ ಪತ್ರ ನಮ್ಮ ಮನೆಗಳಿಂದ ಹೋದ, ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿಯರ ಪಾಲಿಗೆ ಬರುವುದು ಸುಲಭ. ನಿಮ್ಮ ವಾದದ ಹರಿತ ಕಂಡವರನ್ನೇ ಕೇಳಿ. ಕಡತದ ಟಿಪ್ಪಣಿಯಲ್ಲಿ ಆ ಘಟನೆಯನ್ನೇ ನೆನಪಿಸಿ.

ಪತ್ರವನ್ನು ಓದುವ ಹಕ್ಕಿನ ಪ್ರಶ್ನೆಯೂ ಬರುತ್ತದೆ. 1974ರ ಕಾನೂನೊಂದು ಅಮೆರಿಕದ ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದೆ. ಶಿಫಾರಸು ಪತ್ರಗಳ ಮಟ್ಟಿಗೆ ಆ ಹಕ್ಕನ್ನು ವಿದ್ಯಾರ್ಥಿ ಬರಹದಲ್ಲಿ ಬಿಟ್ಟುಕೊಡಬಹುದು. ಬಿಟ್ಟುಕೊಡಿ. ಅರ್ಜಿದಾರರು ಓದಬಹುದಾದ ಪತ್ರವನ್ನು ನ್ಯಾಯಾಧೀಶರು ಪೂರ್ತಿ ನಂಬುವುದಿಲ್ಲ, ಬರೆಯುವವರೂ ಬಿಚ್ಚಿ ಬರೆಯುವುದಿಲ್ಲ.

ತಿಂಗಳುಗಳ ಲೆಕ್ಕ

ಫೆಡರಲ್ ಕೋರ್ಟುಗಳಲ್ಲಿ ಹೆಚ್ಚಿನ ಅರ್ಜಿಗಳು ಆಸ್ಕರ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತವೆ. ಶಿಫಾರಸು ಮಾಡುವವರ ಹೆಸರು, ಇಮೇಲ್ ಅನ್ನು ನೀವು ತುಂಬಿಸಿದರೆ ಅವರಿಗೆ ಸೂಚನೆ ಹೋಗುತ್ತದೆ. ಪತ್ರವನ್ನು ಅವರು ಅಥವಾ ಅವರ ಸಿಬ್ಬಂದಿ ನೇರವಾಗಿ ಏರಿಸುತ್ತಾರೆ. ನಿಮಗೆ ಒಳಗಿನದು ಕಾಣುವುದಿಲ್ಲ. ಎಷ್ಟು ಪತ್ರ ಬೇಕೆಂದು ಪ್ರತಿ ನ್ಯಾಯಾಧೀಶರೂ ತಮ್ಮ ಪ್ರಕಟಣೆಯಲ್ಲಿ ಹೇಳಿರುತ್ತಾರೆ. ಕಾಗದದಲ್ಲೇ ಕಳಿಸಿ, ಇಮೇಲ್ ಮಾಡಿ ಎನ್ನುವವರೂ ಇದ್ದಾರೆ. ಅಂಥಲ್ಲಿ ಲಾ ಸ್ಕೂಲಿನ ಕ್ಲರ್ಕ್‌ಶಿಪ್ ಕಚೇರಿ ಪತ್ರಗಳನ್ನು ಒಟ್ಟುಗೂಡಿಸಿ ಕಳಿಸಿಕೊಡುವುದುಂಟು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಆಸ್ಕರ್ ಬಳಸುವುದಿಲ್ಲ. ರಾಜ್ಯಗಳ ಕೋರ್ಟುಗಳಿಗೆ ಅವವೇ ಪದ್ಧತಿ. ಕನ್ನಡಿಗರು ಬಹಳವಿರುವ ನ್ಯೂಜೆರ್ಸಿಯಲ್ಲಿ ಮೊದಲ ಹಂತದ ವಿಚಾರಣೆ ನಡೆಸುವ ಟ್ರಯಲ್ ಕೋರ್ಟಿನ ನ್ಯಾಯಾಧೀಶರೂ ಹೊಸದಾಗಿ ಪದವಿ ಪಡೆದವರನ್ನು ಒಂದು ವರ್ಷಕ್ಕೆ ಕ್ಲರ್ಕ್ ಆಗಿ ತೆಗೆದುಕೊಳ್ಳುತ್ತಾರೆ. ಫೆಡರಲ್ ಹುದ್ದೆಯ ಬೆನ್ನಿಗೇ ಬಿದ್ದವರು ಈ ಒಳ್ಳೆಯ ಅವಕಾಶವನ್ನು ಕಾಣದೆ ಹೋಗುತ್ತಾರೆ.

ನ್ಯಾಯಾಧೀಶರು ಒಬ್ಬರಿಗಿಂತ ಒಬ್ಬರು ಮುಂಚೆ ವಿದ್ಯಾರ್ಥಿಗಳನ್ನು ಹಿಡಿದುಕೊಳ್ಳುವ ಪೈಪೋಟಿ ತಡೆಯಲು 2003ರಲ್ಲಿ ಒಂದು ಒಪ್ಪಂದ ನಡೆದಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಕುಸಿಯಿತು. 2018ರಲ್ಲಿ ಹೊಸ ಯೋಜನೆ ಘೋಷಣೆಯಾಗಿ 2019ರ ಜೂನ್‌ನಿಂದ ನಡೆಯಿತು. ಅದರ ಪ್ರಕಾರ ಎರಡನೇ ವರ್ಷ ಮುಗಿದ ಮೇಲೆ ಬರುವ ಜೂನ್‌ನ ನಿಗದಿತ ದಿನಕ್ಕೆ ಮೊದಲು ನ್ಯಾಯಾಧೀಶರು ಅರ್ಜಿ ನೋಡುವಂತಿಲ್ಲ, ಸಂದರ್ಶನ ಮಾಡುವಂತಿಲ್ಲ, ಶಿಫಾರಸನ್ನೂ ಸ್ವೀಕರಿಸುವಂತಿಲ್ಲ, ಬಾಯಿಮಾತಿನದನ್ನು ಸಹ. ಎಂದರೆ ಯೋಜನೆ ಪಾಲಿಸುವ ನ್ಯಾಯಾಧೀಶರಿಗೆ ನಿಮ್ಮ ಪ್ರೊಫೆಸರ್ ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ ಅದು ಕಟ್ಟಳೆ ಮೀರಿದಂತೆ. ಇದು ಸ್ವಯಂಪ್ರೇರಿತ ಯೋಜನೆ. ಪಾಲಿಸದ ನ್ಯಾಯಾಧೀಶರು ಬಹಳ ಮಂದಿ, ಅವರು ಮೊದಲ ವರ್ಷದ ಅಂಕ ನೋಡಿಯೇ ತೆಗೆದುಕೊಳ್ಳುವುದೂ ಉಂಟು.

ಇದರಿಂದ ವಿದ್ಯಾರ್ಥಿ ಹಾಕಿಕೊಳ್ಳಬೇಕಾದ ಲೆಕ್ಕ ಹೀಗೆ: ಪತ್ರಗಳು ಮೇ ಕೊನೆಗೆ ಸಿದ್ಧವಿರಬೇಕು, ಕೇಳುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ಹಾಗಾದರೆ ಪರಿಚಯ ಬೆಳೆಯಬೇಕಾದದ್ದು ಮೊದಲ ವರ್ಷದ ಬೇಸಿಗೆಯಿಂದ ಎರಡನೇ ವರ್ಷದ ಚಳಿಗಾಲದೊಳಗೆ. ಕ್ಲರ್ಕ್‌ಶಿಪ್ ಎಂಬ ಮಾತೇ ಕಿವಿಗೆ ಬೀಳುವ ಮೊದಲು ಅರ್ಧ ಸಮಯ ಕಳೆದಿರುತ್ತದೆ. ವಕೀಲರ ಮನೆಯ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಸಿಗುವ ಈ ಮಾಹಿತಿ ಉಳಿದವರಿಗೆ ತಡವಾಗಿ ಸಿಗುತ್ತದೆ. ಇದು ಅನ್ಯಾಯ; ಅದಕ್ಕೇ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಹೇಳಿಬಿಡಬೇಕು ಎಂದು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಫೋನ್ ಬರುವ ಹೆಸರುಗಳು

ಪತ್ರ ಬೇರೆ, ರೆಫರೆನ್ಸ್ ಬೇರೆ. ಪತ್ರ ಬರೆದು ಕಳಿಸಿದ್ದು. ರೆಫರೆನ್ಸ್ ಎಂದರೆ ಬೇಕಾದರೆ ಇವರಿಗೆ ಫೋನ್ ಮಾಡಿ ಕೇಳಿ ಎಂದು ನೀವು ಕೊಡುವ ಹೆಸರು, ಹುದ್ದೆ, ಫೋನ್ ನಂಬರ್, ನಿಮ್ಮನ್ನು ಹೇಗೆ ಬಲ್ಲರು ಎನ್ನುವ ಒಂದು ಸಾಲು. ಕೇಳದೆ ಯಾರ ಹೆಸರನ್ನೂ ಅಲ್ಲಿ ಹಾಕಬೇಡಿ. ಅನಿರೀಕ್ಷಿತವಾಗಿ ಫೋನ್ ಬಂದಾಗ "ಯಾರು? ಒಂದು ನಿಮಿಷ" ಎಂದು ತಡವರಿಸಿದ ದನಿ ಕೆಟ್ಟ ಪತ್ರಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಸಂದರ್ಶನದ ಕರೆ ಬಂದ ಕೂಡಲೇ ಅವರಿಗೆ ತಿಳಿಸಿ, ಯಾವ ನ್ಯಾಯಾಧೀಶರು, ಯಾವ ಕೋರ್ಟು, ಫೋನ್ ಬರಬಹುದು ಎಂದು.

ಕೊಟ್ಟ ಹೆಸರುಗಳಿಗಷ್ಟೇ ಫೋನ್ ಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವವರು ಸಾಮಾನ್ಯವಾಗಿ ಈಗಿರುವ ಕ್ಲರ್ಕ್‌ಗಳು, ನಿಮಗಿಂತ ಒಂದೆರಡು ವರ್ಷ ದೊಡ್ಡವರು. ನಿಮ್ಮದೇ ಲಾ ಸ್ಕೂಲಿನಿಂದ ಬಂದವರಿದ್ದರೆ ಜರ್ನಲ್‌ನಲ್ಲಿ ನಿಮ್ಮ ಜೊತೆ ದುಡಿದವರನ್ನು ವಿಚಾರಿಸುತ್ತಾರೆ. ಹಾಗೆಯೇ ನೀವು ಕೇಳಿದ ಪ್ರೊಫೆಸರ್‌ಗಳಲ್ಲಿ ಒಬ್ಬರು ಆ ನ್ಯಾಯಾಧೀಶರ ಬಳಿ ಹಿಂದೆ ಕ್ಲರ್ಕ್ ಆಗಿದ್ದರೆ ಅವರ ಒಂದು ಕರೆ ಉಳಿದೆಲ್ಲಕ್ಕಿಂತ ಮೇಲು. ಕರೆ ಮಾಡಿ ಎಂದು ಎಲ್ಲ ನ್ಯಾಯಾಧೀಶರಿಗಾಗಿ ಕೇಳಬೇಡಿ. ನಿಜಕ್ಕೂ ಮನಸ್ಸಿರುವ ಒಂದಿಬ್ಬರಿಗೆ ಕೇಳಿ.

ಕೆಲಸದಲ್ಲಿದ್ದುಕೊಂಡು ಅರ್ಜಿ ಹಾಕುವವರಿಗೆ ಇಕ್ಕಟ್ಟು ಹೆಚ್ಚು. ದುಡಿಯುತ್ತಿರುವ ವಕೀಲರ ಫರ್ಮಿನ ಪಾರ್ಟ್‌ನರ್ (ಪಾಲುದಾರ ವಕೀಲರು) ಪತ್ರ ಬರೆದರೆ ಒಳ್ಳೆಯದು, ಆದರೆ ಬಿಟ್ಟು ಹೋಗುವ ಯೋಚನೆ ಎಲ್ಲರಿಗೂ ಗೊತ್ತಾಗುತ್ತದೆ. ಗುಟ್ಟು ಕಾಯಬಲ್ಲ ಒಬ್ಬ ಹಿರಿಯರನ್ನು ಆರಿಸಿ, ಉಳಿದೆರಡನ್ನು ಹಳೆಯ ಪ್ರೊಫೆಸರ್‌ಗಳಿಂದ ಪಡೆಯಿರಿ. ಕಕ್ಷಿದಾರರ ಗುಟ್ಟು ಪತ್ರದಲ್ಲಾಗಲಿ ರೈಟಿಂಗ್ ಸ್ಯಾಂಪಲ್‌ನಲ್ಲಾಗಲಿ ಬಾರದಂತೆ ನೋಡಿಕೊಳ್ಳಿ.

ಬೆಂಗ್ಳೂರಿನಲ್ಲೋ ಧಾರವಾಡದಲ್ಲೋ ಕಾನೂನು ಓದಿ ಎಲ್‌ಎಲ್‌ಎಂಗೆಂದು (ಕಾನೂನಿನ ಸ್ನಾತಕೋತ್ತರ ಪದವಿಗೆಂದು) ಅಮೆರಿಕಕ್ಕೆ ಹೋದವರು ಪತ್ರಕ್ಕಿಂತ ಮೊದಲು ನೋಡಬೇಕಾದ್ದು ಪೌರತ್ವದ ಷರತ್ತು. ಅಮೆರಿಕದ ಮುಖ್ಯಭೂಮಿಯ ಫೆಡರಲ್ ಕೋರ್ಟುಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪೌರರಲ್ಲದವರಿಗೆ ಸಂಬಳ ಕೊಡುವಂತಿಲ್ಲ. ವಿದ್ಯಾರ್ಥಿ ವೀಸಾದವರು ಆ ವಿನಾಯಿತಿಯೊಳಗೆ ಬರುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಪೌರತ್ವದತ್ತ ಹೊರಟವರಿಗೆ ದಾರಿಯಿದೆ. ಅಲ್ಲಿಗೆ ಹೋದವರು ಭಾರತದ ಮೇಷ್ಟ್ರೊಬ್ಬರ ಪತ್ರ ಸೇರಿಸುವುದಾದರೆ, ಅವರ ಮಾರ್ಗದರ್ಶನದಲ್ಲಿ ಇಂಗ್ಲಿಷಿನಲ್ಲಿ ಗಂಭೀರವಾದದ್ದೇನಾದರೂ ಬರೆದಿದ್ದರೆ ಮಾತ್ರ ಸೇರಿಸಲಿ. ನಮ್ಮ ಸುಪ್ರೀಂ ಕೋರ್ಟಿನ ದಾರಿಯೇ ಬೇರೆ. ಅಲ್ಲಿನ ಲಾ ಕ್ಲರ್ಕ್ ಕಂ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಈಗ ಬಹು ಆಯ್ಕೆಯ ಪರೀಕ್ಷೆ, ವಿವರವಾಗಿ ಬರೆಯುವ ಪರೀಕ್ಷೆ, ಸಂದರ್ಶನ ಎಂದು ಮೂರು ಹಂತಗಳಿವೆ.

ಹುದ್ದೆ ಸಿಕ್ಕಿದ ಮೇಲಿನದು. ನ್ಯಾಯಾಧೀಶರು ಅವಕಾಶ ಕೊಟ್ಟರೆ ಅಲ್ಲಿಯೇ ಒಪ್ಪಿಕೊಳ್ಳಬೇಕೆನ್ನುವ ಹಳೆಯ ರೂಢಿಯಿದೆ. 2018ರ ಯೋಜನೆ ಯೋಚಿಸಲು ಕನಿಷ್ಠ ಒಂದು ದಿನವಾದರೂ ಕೊಡಬೇಕೆನ್ನುತ್ತದೆ. ಏನೇ ಇದ್ದರೂ, ಒಪ್ಪಿಕೊಂಡ ಮೇಲೆ ಹಿಂದೆ ಸರಿಯುವಂತಿಲ್ಲ. ಸರಿದರೆ ಹೋಗುವುದು ನಿಮ್ಮ ಹೆಸರೊಂದೇ ಅಲ್ಲ, ನಿಮ್ಮ ಪರವಾಗಿ ಮಾತು ಕೊಟ್ಟ ಮೂವರದ್ದೂ, ಮುಂದಿನ ವರ್ಷ ಅದೇ ಲಾ ಸ್ಕೂಲಿನಿಂದ ಅರ್ಜಿ ಹಾಕುವವರದ್ದೂ. ಆದ್ದರಿಂದ ಕೆಲಸ ಮಾಡಲು ಮನಸ್ಸಿಲ್ಲದ ನ್ಯಾಯಾಧೀಶರಿಗೆ ಅರ್ಜಿಯನ್ನೇ ಹಾಕಬೇಡಿ. ಒಪ್ಪಿಕೊಂಡ ದಿನವೇ ಉಳಿದ ಅರ್ಜಿಗಳನ್ನು ಹಿಂದಕ್ಕೆ ಪಡೆಯಿರಿ. ಪತ್ರ ಬರೆದವರಿಗೆ ಅಂದೇ ತಿಳಿಸಿ, ಇಲ್ಲದಿದ್ದರೆ ಅವರು ಮರುದಿನ ಇನ್ನೊಬ್ಬ ನ್ಯಾಯಾಧೀಶರಿಗೆ ನಿಮಗಾಗಿ ಫೋನ್ ಮಾಡುತ್ತಿರುತ್ತಾರೆ.

ಸಿಗದಿದ್ದವರೂ ತಿಳಿಸಬೇಕು. ಪದವಿಯ ನಂತರ ಕೆಲಸ ಮಾಡಿ ಬಂದವರನ್ನು ಇಷ್ಟಪಡುವ ನ್ಯಾಯಾಧೀಶರು ಬಹಳ ಮಂದಿ ಇದ್ದಾರೆ, ಆದ್ದರಿಂದ ಮುಂದಿನ ವರ್ಷ ಮತ್ತೆ ಕೇಳುವ ಸಂದರ್ಭ ಬರುತ್ತದೆ. ಆಗ ಹಳೆಯ ಪತ್ರವನ್ನೇ ಕಳಿಸಲು ಬಿಡಬೇಡಿ. ಹಳೆಯ ತಾರೀಖಿನ, "ಈಕೆ ಈಗ ಎರಡನೇ ವರ್ಷದಲ್ಲಿದ್ದಾಳೆ" ಎನ್ನುವ ಪತ್ರ, ಬರೆದವರಿಗೆ ನಿಮ್ಮ ಸಂಪರ್ಕ ತಪ್ಪಿದೆ ಎಂದು ಸಾರುತ್ತದೆ. ನಡುವಿನ ವರ್ಷದಲ್ಲಿ ಏನು ಮಾಡಿದಿರಿ, ಯಾವ ಕೇಸಿನಲ್ಲಿ ಏನು ಬರೆದಿರಿ ಎಂದು ಅರ್ಧ ಪುಟ ಬರೆದು, ಹೊಸ ಪಟ್ಟಿಯ ಜೊತೆ ಫೆಬ್ರುವರಿಯೊಳಗೆ ಅವರ ಕೈಗೆ ಮುಟ್ಟಿಸಿ.